ನನ್ನ ತಮ್ಮನ ಮಲಗುವ ಪಾಠ

ಮನುಷ್ಯನಿಗೆ ಮಲಗುವುದನ್ನು ಯಾರಾದರೂ ಕಲಿಸಬೇಕೆ? ಹುಟ್ಟಿದ ದಿನ ಮಲಗಿಯೇ ಇರುತ್ತೇವೆ, ಹೋಗುವ ದಿನವೂ ಮಲಗಿಯೇ ಹೋಗುತ್ತೇವೆ. ನಡುವೆ ಕಲಿಯುವುದೆಲ್ಲ ಏಳುವುದನ್ನು, ನಿಲ್ಲುವುದನ್ನು. ಆದರೆ ನನ್ನ ತಮ್ಮನ ಅಭಿಪ್ರಾಯವೇ ಬೇರೆ. ನ್ಯೂಜೆರ್ಸಿಯ ಪಿಸ್ಕಾಟವೇ ಊರಿನ ನಮ್ಮ ಬಾಡಿಗೆ ಮನೆಗೆ ಬಂದುಹೋಗುತ್ತಿದ್ದ ಕನ್ನಡಿಗರಲ್ಲಿ ಒಬ್ಬರಿಗೂ ಸರಿಯಾಗಿ ಮಲಗಲು ಬರುವುದಿಲ್ಲವೆಂದು ಅವನು ಗಟ್ಟಿಯಾಗಿ ನಂಬಿದ್ದ! ಡಾಕ್ಟರೇಟ್ ಮಾಡಿದವರು, ಸೇತುವೆ ಕಟ್ಟುವವರು, ಹೆರಿಗೆ ಮಾಡಿಸುವವರು, ಯಾರೇ ಬರಲಿ, ಊಟವಾದ ಮೇಲೆ ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಮಲಗಿಸಿಬಿಡುತ್ತಿದ್ದ.

ನಮ್ಮ ಕನ್ನಡ ಕೂಟದ ಈ ಸಂಚಿಕೆಯನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಆ ಬೆಂಚಿನ ಮೇಲೆ ಬೆನ್ನು ಹಾಕಿದವರೇ. ಈಗ ನಗುತ್ತಿದ್ದೀರಿ ಅಂತ ನನಗೆ ಗೊತ್ತು. ನಗಿ. ಅವನ ಕಥೆಗೆ ನಗದಿದ್ದರೆ ಅವನಿಗೇ ಬೇಸರವಾದೀತು. ಆದರೆ ಆ ಕಥೆಯ ಕೊನೆಯನ್ನು ನೀವೆಲ್ಲ ತಪ್ಪಾಗಿ ಹೇಳುತ್ತೀರಿ. ತಪ್ಪು ನಿಮ್ಮದಲ್ಲ. ಅದಕ್ಕೇ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆ.

ಶಾಲೆ ಬಿಟ್ಟದ್ದೂ ಅವನಿಂದಲೇ ಅನ್ನಿ. ನಮ್ಮ ತಾಯಿ ತೀರಿಕೊಂಡಾಗ ಅವನಿನ್ನೂ ತೆವಳುತ್ತಿದ್ದ. ನನ್ನ ಕೈಯಿಂದ ಸ್ಲೇಟು ತೆಗೆದು ಸೊಂಟಕ್ಕೆ ಅವನನ್ನು ಕೊಟ್ಟರು. ಅವನು ಮೊದಲ ಹೆಜ್ಜೆ ಇಟ್ಟಾಗ, ಬಿದ್ದರೆ ಹಿಡಿಯಲು ಹಿಂದೆ ನಿಂತವಳು ನಾನು. ಆಮೇಲೆ ಅವನು ಓದಿದ, ಇನ್ನೂ ಓದಿದ, ಓದುತ್ತ ಓದುತ್ತ ಅಮೆರಿಕಕ್ಕೇ ಬಂದುಬಿಟ್ಟ. ನಾನು ಮದುವೆಯಾದೆ, ಗಂಡನನ್ನು ಕಳೆದುಕೊಂಡೆ, ಮೈಸೂರಿನಲ್ಲಿ ಭಾವನ ಮನೆಯ ಅಡಿಗೆಕೋಣೆಯಲ್ಲಿ ಉಳಿದೆ. ಇಲ್ಲಿಯ ಸಿಟಿಜನ್ ಆದಮೇಲೆ ಅವನು ಮಾಡಿದ ಮೊದಲ ಕೆಲಸ, ಈ ಅಕ್ಕನನ್ನು ಕರೆಸಿಕೊಂಡದ್ದು.

ಕರೆಸಿಕೊಂಡರೆ ನಾನು ಬರಿಗೈಯಲ್ಲಿ ಬರುವವಳೇ? ಟ್ರಂಕಿನಲ್ಲಿ ಎರಡು ಹಳೆಯ ಸೀರೆಗಳ ನಡುವೆ ಒರಳುಕಲ್ಲನ್ನೂ ಅದರ ಗುಂಡನ್ನೂ ಸುತ್ತಿ ತಂದಿದ್ದೆ. ದೋಸೆಹಿಟ್ಟು ರುಬ್ಬದೆ ಬದುಕುವುದು ಹೇಗೆ, ನೀವೇ ಹೇಳಿ! ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಹಿಂದೆ ಮುಂದೆ ನೋಡಿ "ಅಲೋನ್?" ಎಂದು ಕೇಳಿದ. ಆ ಶಬ್ದದ ಅರ್ಥವನ್ನು ತಮ್ಮ ಮೊದಲೇ ಬರೆದು ತಿಳಿಸಿದ್ದರಿಂದ ಹೂಂ ಎಂದು ತಲೆಯಾಡಿಸಿ ಹೊರಗೆ ಬಂದೆ. ತಮ್ಮ ಓಡಿಬಂದು ಕಾಲಿಗೆ ನಮಸ್ಕಾರ ಮಾಡಿ ಟ್ರಂಕಿನ ಹಿಡಿಗೆ ಕೈಹಾಕಿದ. ಟ್ರಂಕು ಮೇಲೆ ಏಳುವ ಬದಲು ಅವನೇ ಕೆಳಗೆ ಬಗ್ಗಿದ.

"ಅಕ್ಕಾ, ಇದರಲ್ಲೇನಿದೆ?"

"ಒರಳುಕಲ್ಲು ಕಣೋ."

"ಕಲ್ಲಾ? ಅಮೆರಿಕದಲ್ಲಿ ಕಲ್ಲಿಲ್ಲ ಅಂದ್ಕೊಂಡ್ಯಾ?"

"ದೋಸೆಗಾಗೋ ಕಲ್ಲಿದ್ರೆ ತೋರ್ಸು, ಇದನ್ನ ವಾಪಸ್ ಕಳಿಸ್ತೀನಿ."

ಅಷ್ಟರಲ್ಲಿ ಒಬ್ಬ ಪೋರ್ಟರ್ ಬಂದು, ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿ ಗಾಡಿಯ ಮೇಲಿಟ್ಟು, ನನ್ನ ತಮ್ಮನ ತೋಳುಗಳನ್ನು ನೋಡಿ ಕನಿಕರದಿಂದ ನಕ್ಕ. ಆಗ ಅವನು ಊದುಬತ್ತಿಯ ಹಾಗಿದ್ದ: ಉದ್ದ, ಸಣ್ಣ, ತುದಿಯಲ್ಲಿ ಮಾತ್ರ ಕಿಡಿ. ಮನೆ ಮುಟ್ಟುವವರೆಗೆ ಕಾರಿನಲ್ಲಿ ಆಗಾಗ ತನ್ನ ತೋಳುಗಳನ್ನೇ ನೋಡಿಕೊಂಡ. ಮುಂದಿನ ಶನಿವಾರ ಯಾರೋ ಅಂಗಳದಲ್ಲಿಟ್ಟು ಹಳೆಯ ಸಾಮಾನು ಮಾರುತ್ತಿದ್ದ ಯಾರ್ಡ್ ಸೇಲಿನಿಂದ ಒಂದು ಉದ್ದನೆಯ ಬೆಂಚು, ಒಂದು ಕಬ್ಬಿಣದ ಕಂಬಿ, ಕಂಬಿಯ ಎರಡು ಕಡೆಗೂ ಸಿಕ್ಕಿಸುವ ಭಾರದ ಬಿಲ್ಲೆಗಳು, ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಬಂದ. ಬೆಂಚಿನ ತಲೆಯ ಕಡೆ ಕಂಬಿಯನ್ನು ಒರಗಿಸಲು ಎರಡು ಕವೆಗೋಲುಗಳಿದ್ದವು. ಅದರ ಕೆಳಗೆ ಅಂಗಾತ ಮಲಗಿ, ಕಂಬಿಯನ್ನು ಎದೆಗೆ ಇಳಿಸಿ ಮತ್ತೆ ಮೇಲಕ್ಕೆ ಒತ್ತುವುದು. ಬೆಂಚ್ ಪ್ರೆಸ್ ಅಂತೆ. ನನ್ನ ದೋಸೆಯಿಂದ ಶುರುವಾದದ್ದು ಇದು!

ಬೇರೆ ಯಾರೇ ಆಗಿದ್ದರೂ ಆ ಸಂಜೆಯೇ ಎತ್ತಿ, ಮಾರನೆಯ ದಿನ ಬೆನ್ನು ಹಿಡಿದುಕೊಂಡು ಕೂರುತ್ತಿದ್ದರು. ಇವನು ಎಂಜಿನಿಯರ್. ಮೊದಲು ರಸಮಟ್ಟವಿಟ್ಟು ನೆಲ ನೋಡಿದ. ನೀರು ಹರಿದುಹೋಗಲೆಂದು ಬೇಸ್‌ಮೆಂಟಿನ ನೆಲ ಇಳಿಜಾರಾಗಿತ್ತು. ಬೆಂಚಿನ ಒಂದು ಕಾಲಿಗೆ ಹಲಗೆಯ ಚೂರು ಕೊಟ್ಟು ಮಟ್ಟ ಮಾಡಿದ. ಆಮೇಲೆ ಎಷ್ಟೋ ವಾರ ಕಂಬಿಯನ್ನು ಮುಟ್ಟಲೇ ಇಲ್ಲ. ಬರೀ ಮಲಗಿದ. ಎದ್ದ. ಮತ್ತೆ ಮಲಗಿದ.

"ಏನೋ ಇದು, ಮೇಲೆ ಮಂಚ ಇಲ್ವಾ?" ಎಂದೆ.

"ಅಕ್ಕಾ, ಐದು ಕಡೆ ತಾಗಿರ್ಬೇಕು. ತಲೆ, ಭುಜ, ಕೂರೋ ಭಾಗ, ಈ ಮೂರು ಬೆಂಚಿಗೆ. ಎರಡು ಪಾದ ನೆಲಕ್ಕೆ. ಒಂದು ಎದ್ರೂ ಲೆಕ್ಕಕ್ಕಿಲ್ಲ."

"ಸಾಷ್ಟಾಂಗಕ್ಕಿಂತ ಕಷ್ಟ ಆಯ್ತಲ್ಲೋ."

"ಸಾಷ್ಟಾಂಗಕ್ಕೆ ಎಂಟು. ನಾನು ಮೂರು ಡಿಸ್ಕೌಂಟ್ ಕೊಟ್ಟಿದೀನಿ."

ಪಾದಗಳು ಎಲ್ಲಿರಬೇಕೆಂದು ಸೀಮೆಸುಣ್ಣದಿಂದ ನೆಲದ ಮೇಲೆ ಗುರುತು ಬರೆದ. ಪಾದವಿಟ್ಟು, ಸುತ್ತ ಗೆರೆ ಎಳೆದು, ಬೆರಳುಗಳನ್ನೂ ಬಿಡದೆ ಬರೆದ. "ಗೋಕುಲಾಷ್ಟಮಿ ಇನ್ನೂ ದೂರ ಇದೆ ಕಣೋ, ಈಗಲೇ ಕೃಷ್ಣನ ಹೆಜ್ಜೆ ಬರೀತಿದೀಯಲ್ಲ" ಎಂದು ಹಾಸ್ಯ ಮಾಡಿದೆ. "ಕೃಷ್ಣ ಬರೀ ಬೆಣ್ಣೆ ತಿಂದ. ಇದು ಬೆಣ್ಣೆ ಕರಗಿಸೋರ ಹೆಜ್ಜೆ" ಎಂದ. ಎತ್ತರದವರಿಗೆ ಒಂದು ಜೊತೆ, ಕುಳ್ಳರಿಗೆ ಒಂದು ಜೊತೆ. ಮಾಸಿದಾಗಲೆಲ್ಲ ತಿದ್ದುತ್ತಿದ್ದ. ಬಾಗಿಲಿಗೆ ರಂಗೋಲಿ ಹಾಕಲು ನಾನು ಮರೆತರೂ ಬೇಸ್‌ಮೆಂಟಿನ ಹೆಜ್ಜೆಗಳು ಮಾತ್ರ ಯಾವತ್ತೂ ಹೊಸದಾಗಿರುತ್ತಿದ್ದವು!

ಇನ್ನು ಬಂದವರ ಪಾಡು. ಪ್ರಿನ್ಸ್‌ಟನ್‌ನಿಂದ ದಂತವೈದ್ಯರೊಬ್ಬರು ಯುಗಾದಿಗೆ ಊಟಕ್ಕೆ ಬಂದಿದ್ದರು. ಹೋಳಿಗೆ ಇನ್ನೂ ಗಂಟಲಲ್ಲಿರುವಾಗಲೇ ಅವರನ್ನು ಮಲಗಿಸಿದ.

"ಹಿಂದೆ ಭುಜದ ಎರಡು ಮೂಳೆನೂ ಹತ್ರ ತನ್ನಿ ಡಾಕ್ಟ್ರೇ. ಮಧ್ಯೆ ಒಂದು ವೀಳ್ಯದೆಲೆ ಇಟ್ರೆ ಜಾರಬಾರದು."

"ಎಲೆ ಅಡಿಕೆ ಊಟ ಆದ್ಮೇಲೆ ಬಾಯಿಗೆ ಹಾಕ್ಕೊಳ್ಳೋದಪ್ಪ, ಬೆನ್ನಿಗಲ್ಲ."

"ನಾನು ನಿಮ್ಮ ಕುರ್ಚೀಲಿ ಮಲಗಿದಾಗ ನನಗೆ ಮಾತಾಡೋಕೆ ಬಿಟ್ಟಿದ್ರಾ? ಸುಮ್ನಿರಿ. ಹೆಬ್ಬೆರಳೆಲ್ಲಿ? ಕಂಬಿ ಸುತ್ತ ಬರ್ಲಿ. ಹೆಬ್ಬೆರಳು ಸುತ್ತದೆ ಕಂಬಿ ಹಿಡಿಯೋದೂ ಚಿಲಕ ಹಾಕ್ದೆ ನಿದ್ದೆ ಮಾಡೋದೂ ಒಂದೇ."

ದಂತವೈದ್ಯರ ಹೆಂಡತಿ ಮೆಟ್ಟಿಲ ಮೇಲಿಂದ, "ಮನೇಲಿ ದಿನಾ ಮಲಗಿರ್ತಾರೆ, ಇಷ್ಟು ಚೆನ್ನಾಗಿ ಯಾವತ್ತೂ ಮಲಗಿರ್ಲಿಲ್ಲ" ಎಂದರು.

ನನ್ನನ್ನೂ ಬಿಡಲಿಲ್ಲ. ನಾನು ಲಟ್ಟಣಿಗೆ ಹಿಡಿದರೆ ಪಕ್ಕದಲ್ಲಿ ನಿಂತು ನೋಡುತ್ತಿದ್ದ. "ಅಕ್ಕಾ, ಮಣಿಕಟ್ಟು ಹಿಂದಕ್ಕೆ ಬಗ್ತಿದೆ. ಮೊಣಕೈ ನೇರಕ್ಕೆ ಇರ್ಬೇಕು. ಮೊಣಕೈನ ಕೋಳಿ ರೆಕ್ಕೆ ಥರ ಬಿಚ್ಬೇಡ."

"ಚಪಾತಿ ದುಂಡಗಿದೆಯೋ ಇಲ್ವೋ?"

"ಚಪಾತಿ ದುಂಡಗಿದೆ. ಫಾರ್ಮ್ ಸರಿಯಿಲ್ಲ."

ನ್ಯೂಯಾರ್ಕಿನಿಂದ ಹುಡುಗಿಯ ತಂದೆಯೊಬ್ಬರು ಇವನನ್ನು ನೋಡಲು ಬಂದಿದ್ದು ನಿಮಗೆ ನೆನಪಿರಬಹುದು. ಉಪ್ಪಿಟ್ಟು, ಕಾಫಿ, ಸಂಬಳ, ಗೋತ್ರ ಎಲ್ಲ ಸುಸೂತ್ರವಾಗಿ ಮುಗಿಯಿತು. ಮನೆ ತೋರಿಸುವ ನೆಪದಲ್ಲಿ ಇವನು ಅವರನ್ನು ಕೆಳಗೆ ಕರೆದುಕೊಂಡು ಹೋದ. ನಾನು ದೇವರಿಗೆ ಕೈಮುಗಿದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ, "ಉಸಿರು ಒಳಗೆ ತಗೊಂಡು ಇಳಿಸಿ. ಬಿಡ್ತಾ ಮೇಲಕ್ಕೆ. ಎದೆ ಮೇಲೆ ಚೆಂಡಿನ ಥರ ಪುಟಿಸ್ಬೇಡಿ!" ಎಂಬ ಧ್ವನಿ ಕೇಳಿಸಿತು. ಅವರು ಕೋಟಿನ ಧೂಳು ಕೊಡವಿಕೊಂಡು ಮೇಲೆ ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ಹುಡುಗ ಬಂಗಾರ ತಾಯಿ. ಆದ್ರೆ ನಮ್ಮ ಹುಡುಗಿ ಕೂತ್ಕೊಂಡು ಮಾತಾಡೋವ್ರನ್ನ ಹುಡುಕ್ತಿದಾಳೆ."

ಇವನಿಗೆ ಬೇಸರವೇ ಆಗಲಿಲ್ಲ. "ಅವರ ಎಡ ಪಾದ ಏಳ್ತಿತ್ತು ಅಕ್ಕ" ಎಂದ. ಸಂಬಂಧ ಬೇಡವೆಂದು ಇವನೇ ಬಿಟ್ಟ ಹಾಗೆ!

ಇಷ್ಟೆಲ್ಲ ನಿಯಮಗಳಲ್ಲಿ ಅವನು ಪ್ರಾಣದಂತೆ ಹಿಡಿದದ್ದು ಒಂದನ್ನು. ಕಂಬಿ ಎತ್ತುವಾಗ ತಲೆಯ ಹಿಂದೆ ಒಬ್ಬರು ನಿಂತಿರಲೇಬೇಕು. ಕೈಸೋತರೆ ಕಂಬಿಯನ್ನು ನಡುವೆ ಹಿಡಿದು, ಎರಡು ಕಡೆಗೂ ಸಮನಾಗಿ ಎತ್ತಿ ಕವೆಗೋಲಿಗೆ ಒರಗಿಸಲು. "ಹಿಂದೆ ಯಾರೂ ಇಲ್ದೆ ಎತ್ತೋದು ಧೈರ್ಯ ಅಲ್ಲ, ದಡ್ಡತನ" ಎಂದು ಎಲ್ಲರಿಗೂ ಹೇಳುತ್ತಿದ್ದ. ನಮ್ಮ ಮನೆಯಲ್ಲಿ ಆ ಒಬ್ಬರು ಎಂದರೆ ನಾನೇ. ಸೆರಗು ಸಿಕ್ಕಿಸಿ, ಅವನ ತಲೆಯ ಹಿಂದೆ ನಿಂತು, ಎರಡು ಕೈಗಳನ್ನು ಕಂಬಿಯ ಕೆಳಗೆ ಚಾಚಿ, ಮುಟ್ಟದೆ ಇರಬೇಕು. ಅವನು "ಅಕ್ಕಾ" ಎಂದರೆ ಮಾತ್ರ ಹಿಡಿಯಬೇಕು. ಕೆಳಗಿನಿಂದ ತಲೆಕೆಳಗಾಗಿ ಕಾಣುವ ನನ್ನ ಮುಖವನ್ನು ನೋಡಿ, "ಹುಳಿಗೆ ಉಪ್ಪು ಹಾಕಿದ್ಯಾ?" ಎಂದು ಕೇಳಿ ನಗಿಸುತ್ತಿದ್ದ. ಪೆಟ್ರೋಲಿಗಾಗಿ ಊರಿನ ಕಾರುಗಳೆಲ್ಲ ಸಾಲುಗಟ್ಟಿ ನಿಂತ ಆ ಚಳಿಗಾಲದಲ್ಲಿ ನಾನು ಜ್ವರ ಬಂದು ಹಾಸಿಗೆ ಹಿಡಿದೆ. ನಾನು ಏಳುವವರೆಗೂ ಅವನು ಕಂಬಿಯನ್ನು ಮುಟ್ಟಲಿಲ್ಲ. "ಒಂದಿನ ಒಬ್ಬನೇ ಎತ್ತಿದ್ರೆ ಏನಾಗುತ್ತೋ?" ಎಂದರೆ, "ಏನೂ ಆಗಲ್ಲ. ಆಗೋ ದಿನ ಯಾವುದೂಂತ ಗೊತ್ತಿಲ್ವಲ್ಲ" ಎಂದ. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆ ಚಳಿಗಾಲ ಕಳೆದು, ಹಿಮ ಕರಗಿ, ಬೇಸ್‌ಮೆಂಟಿನ ಸಣ್ಣ ಕಿಟಕಿಗೆ ಬೆಳಕು ಬಂತು. ಒಂದು ಸಂಜೆ ಅವನು ಬೆಂಚಿನ ಮೇಲೆ ಮಲಗಿದ್ದಾಗ ಬಿಸಿಲು ಅವನ ಬಲಗೆನ್ನೆಯ ಮೇಲೆ ಬಿತ್ತು. ನಾನು ಸುಮ್ಮನೆ ನೋಡಿದೆ. ಮತ್ತೆ ನೋಡಿದೆ. ಮುಳುಗುವ ಸೂರ್ಯ ಬಲಕ್ಕಿದ್ದರೆ ತಲೆ ಯಾವ ದಿಕ್ಕಿಗೆ?

"ಏಳೋ! ಉತ್ತರಕ್ಕೆ ತಲೆ ಹಾಕಿದೀಯ! ಇಷ್ಟು ದಿನ ಉತ್ತರಕ್ಕೇ ಹಾಕಿದೀಯ!"

"ಅಯ್ಯೋ ಅಕ್ಕ, ನಾನೇನು ನಿದ್ದೆ ಮಾಡ್ತಿದೀನಾ?"

"ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಗೆ ಏನಾಯ್ತು ಗೊತ್ತಿಲ್ವಾ? ಗಣಪತಿಗೆ ಅದರ ತಲೇನೇ ಕಡಿದು ತಂದ್ರು."

"ಆನೆ ಬೆಂಚ್ ಪ್ರೆಸ್ ಮಾಡ್ತಿರ್ಲಿಲ್ಲ. ನಾನು ಇಲ್ಲಿ ಮಲಗಲ್ಲ, ಕೆಲಸ ಮಾಡ್ತೀನಿ."

"ನೀನೇ ಅಲ್ವೇನೋ ಊರಿಗೆಲ್ಲ ಮಲಗೋದು ಕಲಿಸೋದು?"

ಅವನ ಮಾತಿನಿಂದಲೇ ಅವನನ್ನು ಗೆದ್ದೆನೆಂದು ನಾನು ಬೀಗಿದೆ. ನನ್ನ ಜೀವಮಾನದಲ್ಲಿ ಓದಿದವನೊಬ್ಬನನ್ನು ವಾದದಲ್ಲಿ ಗೆದ್ದದ್ದು ಅದೊಂದೇ ಸಲ.

ಅವನು ಎದ್ದು ಕೂತು ಸಮಾಧಾನವಾಗಿ ಹೇಳಿದ. "ತಿರುಗಿಸಿದ್ರೆ ತಲೆ ಕಡೆ ಗೋಡೆ ಬರುತ್ತೆ ಅಕ್ಕ. ಹಿಂದೆ ಒಂದು ಗೇಣು ಜಾಗ ಉಳಿಯಲ್ಲ. ನೀನೆಲ್ಲಿ ನಿಲ್ತೀಯ?"

"ಪಕ್ಕದಲ್ಲಿ ನಿಲ್ತೀನಿ."

"ಪಕ್ಕದಲ್ಲಿ ಒಬ್ಬರೇ ನಿಂತ್ರೆ ತಕ್ಕಡಿ ಆಗುತ್ತೆ. ಒಂದು ಕಡೆ ಎತ್ತಿದ್ರೆ ಇನ್ನೊಂದು ಕಡೆ ಕೆಳಗೆ ಬರುತ್ತೆ."

"ಬೆಂಚನ್ನ ಮುಂದಕ್ಕೆ ಎಳ್ಕೋ."

"ಮುಂದೆ ನಿನ್ನ ಉಗ್ರಾಣ ಇದೆ. ಅದನ್ನ ಆ ಮೂಲೆಗೆ ಹಾಕ್ಲಾ?"

ನನ್ನ ಉಗ್ರಾಣವೆಂದರೆ ಅಕ್ಕಿಮೂಟೆ, ಬೇಳೆ ಡಬ್ಬಗಳು, ಉಪ್ಪಿನಕಾಯಿ ಜಾಡಿಗಳು, ನನ್ನ ಒರಳುಕಲ್ಲು. ಆ ಮೂಲೆಯಲ್ಲಿ ತೇವ. "ಅಕ್ಕಿಗೆ ಹುಳ ಬೀಳುತ್ತೆ. ಅದನ್ನ ಮುಟ್ಬೇಡ" ಎಂದೆ. ಅಕ್ಕಿಗೆ ಹುಳ ಬೀಳುತ್ತದಂತೆ! ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಅವನು ಒಪ್ಪಲಿಲ್ಲ. ನಾನು ಊಟ ಬಿಟ್ಟೆ. ಅವನು ಚಿಕ್ಕವನಿದ್ದಾಗಿನಿಂದಲೂ ನನ್ನ ಹತ್ತಿರ ಇದ್ದ ಆಯುಧ ಅದೊಂದೇ. ಮಾರನೆಯ ಮಧ್ಯಾಹ್ನದವರೆಗೂ ತಡೆದ. ಆಮೇಲೆ ಕೆಳಗಿಳಿದು, ಬೆಂಚನ್ನು ತಿರುಗಿಸಿ, ರಸಮಟ್ಟವಿಟ್ಟು, ಹಲಗೆಯ ಚೂರು ಕೊಟ್ಟು, ಹಳೆಯ ಹೆಜ್ಜೆಗಳನ್ನು ಒರೆಸಿ ಹೊಸದಾಗಿ ಬರೆದು ಮೇಲೆ ಬಂದ. "ದಕ್ಷಿಣಕ್ಕೆ ತಲೆ ಹಾಕಿದೀನಿ. ಈಗ ಊಟ ಮಾಡು" ಎಂದ. ಅವನೇ ಬಡಿಸಿದ. ನಾನು ಹೊಟ್ಟೆ ತುಂಬ ಉಂಡೆ.

ಅಂದಿನಿಂದ ಅವನು ಬಿಲ್ಲೆಗಳನ್ನು ಕಡಿಮೆ ಮಾಡಿದ. ನಾನು ಅವನ ಬಲಗಡೆ ನಿಲ್ಲುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ಕಂಬಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಅವನ ತೋಳುಗಳು ನಡುಗಿದವು.

"ಅಕ್ಕಾ" ಎಂದ. ಕೂಗಲಿಲ್ಲ, ಮೆಲ್ಲಗೆ ಕರೆದ.

ನಾನು ನನಗೆ ಎಟುಕಿದ ತುದಿಯನ್ನು ಎರಡು ಕೈಗಳಿಂದ ಹಿಡಿದು, ಜೀವಮಾನವಿಡೀ ಕಲ್ಲು ತಿರುಗಿಸಿದ ಬಲವನ್ನೆಲ್ಲ ಹಾಕಿ ಎಳೆದೆ. ನನ್ನ ತುದಿ ಮೇಲಕ್ಕೆದ್ದಿತು. ಅತ್ತ ಕಡೆಯ ತುದಿ ಕೆಳಗೆ ಬಾಗಿತು. ಬಿಲ್ಲೆಗಳು ಜಾರಿ ನೆಲಕ್ಕೆ ಬಿದ್ದವು, ಕಂಬಿ ಒಮ್ಮೆಲೇ ಅಡ್ಡಾದಿಡ್ಡಿ ತಿರುಚಿತು. ಅವನ ಎಡಭುಜದಿಂದ, ಹಸಿ ಸೌದೆ ಮುರಿದಂಥ ಶಬ್ದ ಬಂತು. ತಕ್ಕಡಿ ಆಗುತ್ತದೆ ಎಂದಿದ್ದನಲ್ಲ, ಹಾಗೇ ಆಯಿತು.

ಆಂಬುಲೆನ್ಸಿನವರು ಬಂದರು. ಅವರಲ್ಲೊಬ್ಬ ಬೆಂಚನ್ನೂ ನನ್ನನ್ನೂ ನೋಡಿ ಏನೋ ಕೇಳಿದ. ನೋವಿನಲ್ಲಿ ಕಣ್ಣು ಮುಚ್ಚಿದ್ದ ನನ್ನ ತಮ್ಮ ಕಣ್ಣು ತೆರೆದು ಉತ್ತರ ಕೊಟ್ಟ. ಆ ಉತ್ತರದಲ್ಲಿ ನನಗೆ ಅರ್ಥವಾದದ್ದು ಒಂದೇ ಶಬ್ದ. ವಿಮಾನ ನಿಲ್ದಾಣಕ್ಕೆಂದು ಅವನೇ ನನಗೆ ಕಲಿಸಿದ್ದು. ಅಲೋನ್. ಆಂಬುಲೆನ್ಸಿನವನು ತಲೆ ಅಲ್ಲಾಡಿಸಿ ಅವನನ್ನು ಮೆಲ್ಲಗೆ ಗದರಿಸಿದ. ಅವನು ಗದರಿಸಿಕೊಂಡ.

ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ. "ನೀನು ಅಲ್ಲಿರ್ಲಿಲ್ಲ ಅಕ್ಕ. ಯಾರು ಕೇಳಿದ್ರೂ ನೀನು ಮೇಲೆ ದೋಸೆ ಹುಯ್ತಿದ್ದೆ."

"ಯಾಕೋ?"

"ನೀನಿದ್ದೆ ಅಂದ್ರೆ ಜನ ನಿನ್ನನ್ನ ದೂರ್ತಾರೆ. ನಾನೊಬ್ಬನೇ ಅಂದ್ರೆ ನನ್ನನ್ನ ನೋಡಿ ಬರೀ ನಗ್ತಾರೆ."

ಮುಂದಿನದು ನಿಮಗೆಲ್ಲ ಗೊತ್ತು. "ಮೇಲೆ ದೋಸೆ, ಕೆಳಗೆ ಮೇಷ್ಟ್ರು!" ಯಾರ ಮನೆಯ ಊಟದಲ್ಲಾದರೂ ಈ ಮಾತು ಬರದೆ ಪಾಯಸ ಬರುತ್ತಿರಲಿಲ್ಲ. ಊರಿಗೆಲ್ಲ ಪಾಠ ಹೇಳಿ ತಾನೇ ಒಬ್ಬನೇ ಎತ್ತಲು ಹೋದವನು! ಅವನೂ ನಿಮ್ಮ ಜೊತೆ ನಗುತ್ತಿದ್ದ. ನಾನೂ ನಗುತ್ತಿದ್ದೆ. ಯಾರಾದರೂ ಹೊಸಬರು ಬಂದು ಮಲಗುವುದನ್ನು ಕಲಿಸಿ ಎಂದರೆ, "ಫೇಲಾದ ಮೇಷ್ಟ್ರ ಹತ್ರ ಪಾಠ ಬೇಡಿ" ಎಂದುಬಿಡುತ್ತಿದ್ದ.

ಅವನ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಮತ್ತೆ ಏಳಲಿಲ್ಲ. ಅಂಗಿಯ ತೋಳು ಹಾಕಿಸಲು ನನ್ನನ್ನು ಕರೆಯುತ್ತಿದ್ದ. ಮಂಗಳಾರತಿ ಬಂದಾಗ ಎಲ್ಲರೂ ಎರಡು ಕೈಯಲ್ಲಿ ಕಣ್ಣಿಗೊತ್ತಿಕೊಂಡರೆ ಅವನು ಒಂದೇ ಕೈಯಲ್ಲಿ ಒತ್ತಿಕೊಳ್ಳುತ್ತಿದ್ದ. ಆ ತಟ್ಟೆ ನನ್ನ ಮುಂದೆ ಬಂದಾಗ ನಾನು ದೇವರಲ್ಲಿ ಏನನ್ನೂ ಬೇಡಲಾರದೆ ಹೋದೆ.

ನಾನು ಬೇಸ್‌ಮೆಂಟಿಗೆ ಇಳಿಯುವುದನ್ನೇ ಬಿಟ್ಟೆ. ಅಲ್ಲಿದ್ದ ಯಂತ್ರದಲ್ಲಿ ಬಟ್ಟೆ ಒಗೆಯುವುದು, ಅಕ್ಕಿ ಮೇಲೆ ತರುವುದು ಎಲ್ಲ ಅವನೇ ಮಾಡಿದ. ನನ್ನ ಲಟ್ಟಣಿಗೆಯೊಂದು ಎಲ್ಲೋ ಕಳೆದುಹೋಯಿತು. ಅವನು ಎರಡು ಕಡೆ ಹಿಡಿಯಿರುವ ಅಮೆರಿಕದ ಲಟ್ಟಣಿಗೆ ತಂದುಕೊಟ್ಟ. ಅದರಲ್ಲಿ ಲಟ್ಟಿಸಿದ ಚಪಾತಿಗಳೆಲ್ಲ ನ್ಯೂಜೆರ್ಸಿಯ ನಕ್ಷೆಯ ಹಾಗಾದವು. ಆಗಾಗ ಕೆಳಗಿನಿಂದ ಕರೆಯುತ್ತಿದ್ದ.

"ಅಕ್ಕಾ, ಒಂದ್ಸಲ ಕೆಳಗೆ ಬಾ. ಏನೋ ತೋರಿಸ್ಬೇಕು."

"ಒಲೆ ಮೇಲೆ ಹಾಲಿದೆ ಕಣೋ."

ಆ ಮನೆಯಲ್ಲಿ ಹಾಲು ವರ್ಷಗಟ್ಟಲೆ ಕಾಯಿತು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನು ಕಾಫಿಗೆ ಬರಲಿಲ್ಲ. ಹೋಗಿ ನೋಡಿದೆ. ಮಂಚದ ಮೇಲೆ ಅಂಗಾತ ಮಲಗಿದ್ದ. ತಲೆ, ಭುಜ, ಸೊಂಟ ಎಲ್ಲ ಅವನು ಹೇಳಿಕೊಟ್ಟ ಹಾಗೇ ನೇರವಾಗಿದ್ದವು. ಪಾದಗಳು ಮಾತ್ರ ನೆಲಕ್ಕೆ ತಾಗಿರಲಿಲ್ಲ. ಹೃದಯ ನಿಂತುಹೋಗಿದೆ ಎಂದರು ಡಾಕ್ಟರು. ಭುಜಕ್ಕೂ ಅದಕ್ಕೂ ಸಂಬಂಧವಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಇನ್ನೊಮ್ಮೆ ಕೇಳಿದೆ. ಇಲ್ಲ ತಾಯಿ ಎಂದರು.

ನಮ್ಮ ಕೂಟ ಯಾವಾಗಲೂ ಸೇರುವ ಶಾಲೆಯ ಕೆಫೆಟೀರಿಯಾದಲ್ಲಿ ನೀವೆಲ್ಲ ಸೇರಿ ಅವನಿಗಾಗಿ ಸಭೆ ಮಾಡಿದಿರಿ. ಒಬ್ಬೊಬ್ಬರೇ ಎದ್ದು ತಾವು ಮಲಗಿದ ಕಥೆ ಹೇಳಿದಿರಿ. ನಕ್ಕಿರಿ, ಅತ್ತಿರಿ. ಕೊನೆಗೆ ದಂತವೈದ್ಯರು ಎದ್ದು ಕಣ್ಣೊರೆಸಿಕೊಂಡು, "ಎಲ್ಲರಿಗೂ ಹಿಂದೆ ಒಬ್ರು ಇರ್ಲಿ ಅಂತ ಹೇಳಿದ. ಪಾಪ, ತನ್ನ ಪಾಠ ತಾನೇ ಪಾಲಿಸ್ಲಿಲ್ಲ. ಅಲ್ವಾ ಅಮ್ಮಾ?" ಎಂದು ಪ್ರೀತಿಯಿಂದ ನನ್ನ ಕಡೆ ನೋಡಿದರು.

ನಾನು ತಲೆಯಾಡಿಸಿದೆ. ಹೌದು ಎಂದು.

ಬದುಕಿದ್ದಾಗ ಅವನು ಹೇಳಿದ ಸುಳ್ಳು ಅವನದು. ಸತ್ತ ಮೇಲೆ ನಾನು ತಲೆಯಾಡಿಸಿದ ಸುಳ್ಳು ನನ್ನದು. ಅದನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅಂದು ಅವನು ಒಬ್ಬನೇ ಇರಲಿಲ್ಲ. ನಾನಿದ್ದೆ. ದೋಸೆ ಹುಯ್ಯುತ್ತಿರಲಿಲ್ಲ. ಅವನು ತನ್ನ ಯಾವ ಪಾಠವನ್ನೂ ಮುರಿಯಲಿಲ್ಲ. ಅಕ್ಕನ ಹೊಟ್ಟೆ ತುಂಬಲೆಂದು ಒಂದನ್ನು ಮಾತ್ರ ಬಿಟ್ಟುಕೊಟ್ಟ. ಇನ್ನು ಮುಂದೆ ಯಾರ ಮನೆಯಲ್ಲಾದರೂ ಆ ಕಥೆ ಬಂದರೆ ದಯವಿಟ್ಟು ಹೀಗೆ ಹೇಳಿ.

ಸಭೆಯ ಮಾರನೆಯ ದಿನ, ಮನೆ ಖಾಲಿ ಮಾಡಬೇಕಲ್ಲ ಎಂದು ಬೇಸ್‌ಮೆಂಟಿಗೆ ಇಳಿದೆ. ದೀಪ ಹಾಕಿದವಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ.

ಬೆಂಚು ಗೋಡೆಯ ಹತ್ತಿರ ಇರಲಿಲ್ಲ. ಕೋಣೆಯ ನಡುವಿಗೆ ಬಂದಿತ್ತು. ತಲೆ ಮಾತ್ರ ದಕ್ಷಿಣಕ್ಕೇ ಇತ್ತು, ನಾನು ಬಯಸಿದ ಹಾಗೆ. ನನ್ನ ಉಗ್ರಾಣವನ್ನು ಆ ಮೂಲೆಗೆ ಸಾಗಿಸಿ, ಕೆಳಗೆ ಹಲಗೆ ಹಾಸಿ, ಅದರ ಮೇಲೆ ಅಕ್ಕಿ, ಬೇಳೆ, ಜಾಡಿ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದ. ತೇವ ತಾಗದ ಹಾಗೆ. ಹುಳ ಬೀಳದ ಹಾಗೆ. ಒರಳುಕಲ್ಲು ಕೂಡ ಅಲ್ಲೇ ಇತ್ತು. ಎರಡು ಕೈ ಗಟ್ಟಿಯಿದ್ದಾಗ ಎತ್ತಲಾಗದ ಕಲ್ಲನ್ನು ಒಂದು ಕೈಯಲ್ಲಿ ಹೇಗೆ ಉರುಳಿಸಿದನೋ, ನೆಲದ ಮೇಲೆ ಅದು ಹೋದ ದಾರಿ ಗೀರು ಗೀರಾಗಿ ಕಾಣುತ್ತಿತ್ತು. ಬೆಂಚಿನ ಮೇಲೆ ನನ್ನ ಕಳೆದುಹೋದ ಲಟ್ಟಣಿಗೆ. ಕಂಬಿ ಎತ್ತಲಾಗದವನು ಅದನ್ನು ಹಿಡಿದು ಮಲಗುತ್ತಿದ್ದನೇನೋ.

ಬೆಂಚಿನ ಹಿಂದೆ, ಗೋಡೆಗೂ ಅದಕ್ಕೂ ನಡುವೆ ಈಗ ಒಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗವಿತ್ತು. ಅಲ್ಲಿ ಸೀಮೆಸುಣ್ಣದಲ್ಲಿ ಎರಡು ಹೆಜ್ಜೆ ಬರೆದಿದ್ದ. ಎತ್ತರದವರದ್ದಲ್ಲ, ಕುಳ್ಳರದ್ದೂ ಅಲ್ಲ. ಎಡಪಾದದ ಕಿರುಬೆರಳು ಹೊರಕ್ಕೆ ತಿರುಗಿತ್ತು. ಅವನು ತೆವಳುವಾಗಿನಿಂದ ನೋಡಿದ ಪಾದ ಅದು. ಅಳತೆಗೆ ನಾನು ಬೇಕಾಗಿರಲಿಲ್ಲ. ಒಂದು ಗೆರೆಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮಾಸಿದಾಗಲೆಲ್ಲ ತಿದ್ದಿದ್ದ. ನನ್ನ ಹಾಲು ಕಾಯುತ್ತಿದ್ದ ವರ್ಷಗಳೆಲ್ಲ ಆ ಗೆರೆಗಳಲ್ಲಿದ್ದವು.

ಚಪ್ಪಲಿ ಬಿಟ್ಟು ಅವುಗಳ ಮೇಲೆ ನಿಂತೆ. ಸರಿಯಾಗಿ ಕೂತವು. ಸೆರಗು ಸಿಕ್ಕಿಸಿದೆ. ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಯಾವುದನ್ನೂ ಮುಟ್ಟದೆ, ಅವನು ಹೇಳಿಕೊಟ್ಟ ಹಾಗೆ ಕಾದೆ.

"ಬಂದೆ ಕಣೋ" ಎಂದೆ.